ನೀರಿದ್ದೂ ಬಾಯಾರುವ ಜೀವಕೋಶ

ಬೆಳಗ್ಗೆ ಡ್ರಿಪ್ ಓಡಿದೆ. ಮಲ್ಚಿಂಗ್ ಪೇಪರ್ ಎತ್ತಿ ನೋಡಿದರೆ ಮಣ್ಣು ಹಸಿಯಾಗೇ ಇದೆ. ಆದರೂ ಮಧ್ಯಾಹ್ನ ಹನ್ನೆರಡಾಗುತ್ತಲೇ ಟೊಮೆಟೊ ಗಿಡ ಜೋಲುಮುಖ ಹಾಕುತ್ತೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆ ಬೇಸಿಗೆ ಬೆಳೆ ಇಟ್ಟವರಿಗೆ ಇದು ಹೊಸದಲ್ಲ. ಆಗ ನಾವು ಮಾಡುವುದು ಎರಡೇ ಕೆಲಸ. ಇನ್ನೊಂದು ಗಂಟೆ ಬೋರ್ ಓಡಿಸುವುದು, ಇಲ್ಲವೇ ‘ಗಿಡಕ್ಕೆ ಶಕ್ತಿ ಸಾಲದು’ ಅಂತ ಇನ್ನೆರಡು ಕಿಲೋ ಕರಗುವ ಗೊಬ್ಬರ ಬಿಡುವುದು.

ಈ ಎರಡನೇ ಕೆಲಸ ಕೆಲವು ಸಲ ಗಿಡದ ಬಾಯಾರಿಕೆಯನ್ನು ಇನ್ನೂ ಹೆಚ್ಚಿಸುತ್ತೆ. ಯಾಕೆ ಅನ್ನುವುದು ಗಿಡದ ಒಂದೇ ಒಂದು ಜೀವಕೋಶವನ್ನು ನೋಡಿದರೆ ಸರಿಯಾಗಿ ತಿಳಿಯುತ್ತೆ. ಜೀವಂತ ಕೋಶವನ್ನು ಸಾಯಿಸದೆ ಹಿಡಿದು ನಿಲ್ಲಿಸಿ, ಅದಕ್ಕೆ ಬೇಕಾದ ನೀರು ಹಾಯಿಸಿ ನೋಡುವ ಸಾಧನ ಈಗ ಇದೆ. ಅದರ ಹೆಸರು ಮೈಕ್ರೋಫ್ಲೂಯಿಡಿಕ್ ಚಿಪ್. ಹೆಸರು ದೊಡ್ಡದು, ಒಳಗಿನ ಸಂಗತಿ ಡ್ರಿಪ್ ಹಾಕಿದ ರೈತನಿಗೆ ಗೊತ್ತಿರುವುದೇ.

ಟಯರು ಮತ್ತು ಟ್ಯೂಬು

ಗಿಡದ ಜೀವಕೋಶವನ್ನು ಸೈಕಲ್ ಚಕ್ರದ ಹಾಗೆ ಅಂದುಕೊಳ್ಳಿ. ಹೊರಗೆ ಗಟ್ಟಿ ಗೋಡೆ, ಅದು ಟಯರು. ಒಳಗೆ ತೆಳುವಾದ ಪೊರೆ, ಅದು ಟ್ಯೂಬು. ಟ್ಯೂಬಿನಲ್ಲಿ ಗಾಳಿಯ ಬದಲು ನೀರು, ನೀರಿನಲ್ಲಿ ಕರಗಿದ ಸಕ್ಕರೆ, ಲವಣ. ಈ ನೀರು ಗೋಡೆಯನ್ನು ಒಳಗಿನಿಂದ ಒತ್ತುತ್ತಾ ಇರುತ್ತೆ. ಎಳೆ ಕಾಂಡ, ಎಲೆ ಸೆಟೆದು ನಿಲ್ಲುವುದು ಈ ಒತ್ತಡದಿಂದ.

ಒತ್ತಡ ಎಷ್ಟು ಅಂತೀರಾ? ಕಾರಿನ ಟಯರಿನಲ್ಲಿ ಸುಮಾರು 2 ಬಾರ್ ಗಾಳಿ ಇರುತ್ತೆ. ಚೆನ್ನಾಗಿ ನೀರುಂಡ ಎಲೆಯ ಕೋಶದಲ್ಲಿ ಸಾಮಾನ್ಯವಾಗಿ 3ರಿಂದ 10 ಬಾರ್! ಅದು ಇಳಿದರೆ ಪಂಚರ್ ಆದ ಹಾಗೆ. ಗಿಡ ಬಾಡಿತು ಅಂತ ನಾವು ಹೇಳುವುದು ಇದಕ್ಕೇ.

ನೀರನ್ನು ಕೋಶದ ಒಳಗೆ ತಳ್ಳಲು ಪಂಪು ಇಲ್ಲ. ಪೊರೆಯ ಎರಡು ಕಡೆಗಳಲ್ಲಿ ಎಲ್ಲಿ ಕರಗಿದ ಪದಾರ್ಥ ಹೆಚ್ಚೋ ಆ ಕಡೆಗೆ ನೀರು ಸರಿಯುತ್ತೆ. ಒಳಗೆ ಹೆಚ್ಚಿದ್ದರೆ ನೀರು ಒಳಕ್ಕೆ, ಹೊರಗೆ ಹೆಚ್ಚಾದರೆ ನೀರು ಹೊರಕ್ಕೆ. ಉಪ್ಪು ಹಾಕಿ ಕಲಸಿಟ್ಟ ಮಾವಿನ ಹೋಳು ನೀರು ಬಿಡುವುದೂ ಈ ಕಾರಣಕ್ಕೇ. ಉಪ್ಪಿನಕಾಯಿ ಹಾಕುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಟಯರು ಬಿಚ್ಚಿದ ಕೋಶ

ಒಂದೊಂದೇ ಕೋಶ ಬೇಕಾದರೆ ಮೊದಲು ಅವನ್ನು ಬಿಡಿಸಬೇಕು. ಇಟ್ಟಿಗೆ ಗೋಡೆಯ ಹಾಗೆ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬ್ರಿಟನ್ನಿನ ವಿಜ್ಞಾನಿ ಎಡ್ವರ್ಡ್ ಕಾಕಿಂಗ್ 1960ರಲ್ಲಿ ಇದಕ್ಕೆ ದಾರಿ ತೋರಿಸಿದರು. ಅವರು ಬಳಸಿದ್ದು ನಮ್ಮ ಟೊಮೆಟೊ ಸಸಿಯ ಬೇರಿನ ತುದಿ! ಶಿಲೀಂಧ್ರದಿಂದ ತೆಗೆದ ಕಿಣ್ವದಲ್ಲಿ ಅದನ್ನು ನೆನೆಸಿದರೆ ಕೋಶದ ಗೋಡೆ ಕರಗಿ, ಒಳಗಿನ ಜೀವಂತ ಭಾಗ ಪೊರೆಯ ಸಮೇತ ಗುಂಡಗೆ ಹೊರಬಂತು. ಇದಕ್ಕೆ ಪ್ರೋಟೋಪ್ಲಾಸ್ಟ್ ಅನ್ನುತ್ತಾರೆ. ಗೋಡೆ ಕರಗಿಸಲು ಇವತ್ತು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಕಿಣ್ವ ಬರುವುದು ಟ್ರೈಕೋಡರ್ಮಾದಿಂದ. ನಾವು ತಿಪ್ಪೆಗೊಬ್ಬರಕ್ಕೆ ಬೆರೆಸುತ್ತೀವಲ್ಲ, ಅದೇ ಜಾತಿ.

ಟಯರಿಲ್ಲದ ಟ್ಯೂಬಿಗೆ ಗಾಳಿ ಹೊಡೆದರೆ ಒಡೆಯುತ್ತೆ. ಪ್ರೋಟೋಪ್ಲಾಸ್ಟನ್ನು ಬರೀ ನೀರಿಗೆ ಹಾಕಿದರೂ ಹಾಗೆಯೇ. ಅದಕ್ಕೇ ಹೊರಗಿನ ನೀರಿಗೆ ಮ್ಯಾನಿಟಾಲ್ ಅನ್ನುವ ಸಕ್ಕರೆಯಂಥ ಪುಡಿ ಹಾಕಿ ಒಳಗೂ ಹೊರಗೂ ಸಮ ಮಾಡುತ್ತಾರೆ. ಲೀಟರಿಗೆ 70ರಿಂದ 110 ಗ್ರಾಂ ಹಿಡಿಯುತ್ತೆ.

ಇಂಥ ಗೋಡೆಯಿಲ್ಲದ ಕೋಶಕ್ಕೆ ಮತ್ತೆ ಗೋಡೆ ಕಟ್ಟಿಸಿ, ಅದರಿಂದ ಪೂರ್ತಿ ತಂಬಾಕು ಗಿಡ ಬೆಳೆಸಿದ್ದನ್ನು 1971ರಲ್ಲೇ ಜರ್ಮನಿಯಿಂದ ವರದಿ ಮಾಡಿದ್ದರು. ಅಂದರೆ ಈ ಗುಂಡು ಬರೀ ಚೂರಲ್ಲ, ಒಳಗೆ ಇಡೀ ಗಿಡದ ಬುದ್ಧಿ ಇದೆ.

ಅಂಚೆಚೀಟಿಯಷ್ಟು ಜಾಗದಲ್ಲಿ ಡ್ರಿಪ್

ಈ ಗುಂಡುಗಳು 20ರಿಂದ 50 ಮೈಕ್ರಾನ್ ಅಗಲ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಇಷ್ಟು ಸಣ್ಣದನ್ನು ಗಾಜಿನ ಮೇಲೆ ಹನಿ ನೀರಲ್ಲಿ ಬಿಟ್ಟರೆ ತೇಲಿಕೊಂಡು ಹೋಗುತ್ತೆ. ನೀರು ಬದಲಿಸಿದರಂತೂ ಯಾವುದು ಎಲ್ಲಿ ಹೋಯಿತೋ ಸಿಗದು.

ಚಿಪ್ಪಿನಲ್ಲಿ ಇದಕ್ಕೆ ಉಪಾಯ ಇದೆ. ಅಂಚೆಚೀಟಿಯಷ್ಟು ದೊಡ್ಡ ಪಾರದರ್ಶಕ ರಬ್ಬರ್ ತುಂಡು, ತಳಕ್ಕೆ ಗಾಜು. ರಬ್ಬರಿನ ಅಡಿಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು. ನೀರು ಬರಲು ಒಂದು ತೂತು, ಹೋಗಲು ಒಂದು ತೂತು. ಮೇನ್ ಲೈನ್, ಸಬ್ ಮೇನ್, ಲ್ಯಾಟರಲ್ ಇದ್ದ ಹಾಗೇ ಕವಲುಗಳು. ಕೆಲವದರಲ್ಲಿ ಗಾಳಿಯ ಒತ್ತಡದಿಂದ ಮುಚ್ಚಿ ತೆರೆಯುವ ಗೇಟ್‌ವಾಲ್ ಕೂಡ ಇರುತ್ತೆ.

ಕಾಲುವೆಯ ಮಧ್ಯೆ ಅರ್ಧಚಂದ್ರಾಕಾರದ ಪುಟ್ಟ ಕಟ್ಟೆಗಳು. ಹರಿದು ಬಂದ ಕೋಶ ಕಟ್ಟೆಯ ಬಾಯಿಗೆ ಸಿಕ್ಕಿ ಕೂರುತ್ತೆ. ಕಟ್ಟೆಯಲ್ಲಿ ಸಣ್ಣ ಸಂದು ಇರುವುದರಿಂದ ನೀರು ಹಾದು ಹೋಗುತ್ತೆ, ಕೋಶ ಹೋಗಲ್ಲ. ಒಂದು ಕಟ್ಟೆ ತುಂಬಿದ ಮೇಲೆ ಹಿಂದೆ ಬಂದದ್ದು ಪಕ್ಕಕ್ಕೆ ಸರಿದು ಮುಂದಿನ ಕಟ್ಟೆಗೆ ಹೋಗುತ್ತೆ. ಹಳ್ಳದ ನೀರಿಗೆ ಕಲ್ಲು ಜೋಡಿಸಿ ಮೀನು ಹಿಡಿಯುವ ಹಾಗೆ.

ಮಾಡುವುದು ಹೇಗೆ? ಮಾಲೂರಿನ ಇಟ್ಟಿಗೆ, ಹೆಂಚು ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ, ಎಲ್ಲಾ ಅಚ್ಚಿನ ಕೆಲಸವೇ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಅಂಟು ಬಳಿದು, ಕಾಲುವೆಯ ಚಿತ್ರದ ಮೂಲಕ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಷ್ಟು ಗಟ್ಟಿಯಾಗಿ ಏರುಗಳಾಗಿ ನಿಲ್ಲುತ್ತೆ, ಉಳಿದದ್ದನ್ನು ತೊಳೆದು ಹಾಕುತ್ತಾರೆ. ಇದು ಅಚ್ಚು. ಇದರ ಮೇಲೆ ಪಿಡಿಎಂಎಸ್ ಅನ್ನುವ ಸಿಲಿಕೋನ್ ದ್ರವ ಹೊಯ್ದು, ಬಿಸಿಯಲ್ಲಿ ಗಟ್ಟಿ ಮಾಡಿ ಸುಲಿದರೆ ಏರು ಇದ್ದಲ್ಲೆಲ್ಲಾ ಕಾಲುವೆ. ಒಂದೇ ಅಚ್ಚಿನಿಂದ ಹತ್ತಾರು ಚಿಪ್ ಬರುತ್ತೆ.

ಇದರ ನೀರಿನ ಲೆಕ್ಕ ಕೇಳಿದರೆ ನಮ್ಮ ಡ್ರಿಪ್ ನಾಚಬೇಕು. 100 ಮೈಕ್ರಾನ್ ಅಗಲ, 50 ಮೈಕ್ರಾನ್ ಆಳ, ಒಂದು ಸೆಂಟಿಮೀಟರ್ ಉದ್ದದ ಕಾಲುವೆ ತುಂಬಲು ಬೇಕಾದದ್ದು ಒಂದು ಹನಿಯ ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಸಿಹಿನೀರು ನಿಲ್ಲಿಸಿ ಉಪ್ಪುನೀರು ಬಿಟ್ಟರೆ ಕೋಶದ ಸುತ್ತಲಿನ ನೀರು ಬೇಗ ಬದಲಾಗುತ್ತೆ, ಕೋಶ ಕೂತಲ್ಲೇ ಇರುತ್ತೆ. ಹಿಡಿದ ಕೋಶ ಬದುಕಿದೆಯೋ ಸತ್ತಿದೆಯೋ ತಿಳಿಯಲು ಒಂದು ಬಣ್ಣ ಬಿಡುತ್ತಾರೆ. ಬದುಕಿದ್ದರೆ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತೆ.

ಒಂದೊಂದನ್ನೇ ಯಾಕೆ ನೋಡಬೇಕು?

ಕೋಲಾರದ ಮಾರುಕಟ್ಟೆಯಲ್ಲಿ ಒಬ್ಬನ ಬಾಕ್ಸು 100 ರೂಪಾಯಿಗೆ ಹೋಯಿತು, ಇನ್ನೊಬ್ಬನದು 500ಕ್ಕೆ. ಸರಾಸರಿ 300 ಅಂತ ಬೋರ್ಡಿಗೆ ಬರುತ್ತೆ. ಆದರೆ ಆ 300 ಇಬ್ಬರಿಗೂ ಸಿಕ್ಕಿಲ್ಲ. ಸರಾಸರಿಯಲ್ಲಿ ಯಾರ ಕಥೆಯೂ ಇರಲ್ಲ.

ಎಲೆ ಅರೆದು ಪರೀಕ್ಷೆ ಮಾಡಿದರೆ ಸಿಗುವುದು ಲಕ್ಷಾಂತರ ಕೋಶಗಳ ಸರಾಸರಿ. ಉಪ್ಪು ತಾಗಿದಾಗ ಎಲ್ಲಾ ಕೋಶವೂ ಅರ್ಧ ಸೊರಗಿತೋ, ಇಲ್ಲಾ ಅರ್ಧ ಕೋಶಗಳು ಸತ್ತು ಉಳಿದರ್ಧ ಗಟ್ಟಿಯಾಗಿ ನಿಂತವೋ, ಎರಡಕ್ಕೂ ಉತ್ತರ ಒಂದೇ ಬರುತ್ತೆ. ತಡೆದುಕೊಂಡ ಕೋಶ ಏನು ಮಾಡಿತು ಅನ್ನುವುದು ನಮಗೆ ಬೇಕಾದ ಗುಟ್ಟು. ಒಂದೊಂದನ್ನೇ ಹಿಡಿದು ನೋಡುವುದು ಅದಕ್ಕೇ.

ಕೊರಿಯಾದವರು 2006ರಲ್ಲಿ ತಂಬಾಕಿನ ಪ್ರೋಟೋಪ್ಲಾಸ್ಟುಗಳನ್ನು ಇಂಥ ಕಾಲುವೆಯಲ್ಲಿ ಬೆಳೆಸಿದರು. ಫ್ರಾನ್ಸಿನ ತಂಡವೊಂದು 2019ರಲ್ಲಿ ಹಾವಸೆ ಗಿಡದ ಪ್ರೋಟೋಪ್ಲಾಸ್ಟ್ ಹಿಡಿದಿಟ್ಟು ಬೆಳವಣಿಗೆ ನೋಡುವ ಚಿಪ್ಪುಗಳನ್ನು ವರದಿ ಮಾಡಿತು. ಅಮೆರಿಕದಲ್ಲಿ 2011ರಲ್ಲಿ ಮಾಡಿದ ‘ರೂಟ್‌ಚಿಪ್’ನಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡದ ಎಂಟು ಸಸಿಗಳ ಬೇರು ಕಾಲುವೆಯೊಳಗೇ ಇಳಿಯುತ್ತಿತ್ತು. ಸಕ್ಕರೆ ನೀರು ಬಿಟ್ಟಾಗ, ನಿಲ್ಲಿಸಿದಾಗ ಬೇರಿನ ಕೋಶದೊಳಗೆ ಆಗುವ ಬದಲಾವಣೆಯನ್ನು ಕೂತು ನೋಡಬಹುದಿತ್ತು. ಜಪಾನಿನವರು 2017ರಲ್ಲಿ ಹೂವಿನ ಪರಾಗನಾಳವನ್ನು ಬರೀ ಒಂದು ಮೈಕ್ರಾನ್ ಸಂದಿಗೆ ಬಿಟ್ಟರು. ಅದಕ್ಕಿಂತ ಎಷ್ಟೋ ಪಟ್ಟು ದಪ್ಪದ ನಾಳ ತನ್ನನ್ನು ಚಪ್ಪಟೆ ಮಾಡಿಕೊಂಡು ತೂರಿ ಹೋಯಿತು!

ನಮ್ಮ ಹತ್ತಿರದಲ್ಲೂ ಈ ಕೆಲಸದ ಕೈಗಳಿವೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಸುದೀಪ್ ಮಂಡಲ್, ಸಂಧ್ಯಾ ಕೌಶಿಕ ಮತ್ತು ಸಂಗಡಿಗರು ಸೂಕ್ಷ್ಮ ದುಂಡುಹುಳುವನ್ನು ಮತ್ತು ಬರಿಸದೆ, ಮೃದುವಾಗಿ ಅದುಮಿ ಹಿಡಿಯುವ ಚಿಪ್ ಮಾಡಿ 2011ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಹುಳುವಿನ ನರಕೋಶವನ್ನು, ಗಿಡದ ಕೋಶವನ್ನಲ್ಲ. ಆದರೆ ಅಚ್ಚು, ರಬ್ಬರು, ಕಾಲುವೆಯ ವಿದ್ಯೆ ಒಂದೇ. ಆ ಹುಳು ನಮ್ಮ ಟೊಮೆಟೊ ಬೇರಲ್ಲಿ ಗಂಟು ಕಟ್ಟಿಸುವ ಜಂತುಹುಳುವಿನ ದೂರದ ನೆಂಟ.

ಕೋಶ ಹೇಳುವ ಪಾಠ

ಹಿಡಿದಿಟ್ಟ ಪ್ರೋಟೋಪ್ಲಾಸ್ಟಿನ ಸುತ್ತಲಿನ ದ್ರಾವಣದ ಗಾಢತೆಯನ್ನು ಎರಡರಷ್ಟು ಮಾಡಿದರೆ ಏನಾಗುತ್ತೆ? ಒಳಗಿನ ನೀರು ಅರ್ಧದಷ್ಟು ಹೊರಗೆ ಹೋಗುವ ತನಕ ಕೋಶ ಕುಗ್ಗುತ್ತೆ. 40 ಮೈಕ್ರಾನ್ ಗುಂಡು ಲೆಕ್ಕದ ಪ್ರಕಾರ ಸುಮಾರು 32ಕ್ಕೆ ಇಳಿಯುತ್ತೆ. ಗಮನಿಸಿ, ಅದರ ಸುತ್ತ ನೀರೇ ನೀರು. ಆದರೂ ಕುಡಿಯಲಾಗದೆ ತನ್ನ ನೀರನ್ನೂ ಕಳೆದುಕೊಂಡಿತು. ಮತ್ತೆ ಮೊದಲಿನ ದ್ರಾವಣ ಬಿಟ್ಟರೆ ಹಿಗ್ಗುತ್ತೆ. ಹೊಡೆತ ಜೋರಾಗಿದ್ದರೆ, ಅಥವಾ ಬಹಳ ಹೊತ್ತು ಬಿಟ್ಟರೆ ಹಿಗ್ಗಲ್ಲ, ಸಾಯುತ್ತೆ.

ಹೊಲದಲ್ಲಿ ಆಗುವುದೂ ಇದೇ. ಬೇರಿನ ಸುತ್ತಲಿನ ನೀರಿನಲ್ಲಿ ಉಪ್ಪಿನಂಶ ಹೆಚ್ಚಾದಷ್ಟೂ ಬೇರಿನ ಕೋಶಕ್ಕೆ ನೀರೆಳೆಯುವುದು ಕಷ್ಟ. ಇಲ್ಲಿ ಉಪ್ಪು ಅಂದರೆ ಅಡಿಗೆ ಉಪ್ಪು ಮಾತ್ರ ಅಲ್ಲ. ಬೋರ್ ನೀರಿನ ಲವಣ, ನಾವು ಬಿಡುವ 13-0-45, ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಷ್ ಎಲ್ಲವೂ ಕೋಶದ ಲೆಕ್ಕದಲ್ಲಿ ಉಪ್ಪೇ. ಗೊಬ್ಬರಕ್ಕೆ ರಿಯಾಯಿತಿ ಇಲ್ಲ.

ಇನ್ನೊಂದು ಮಾತು. ಮಣ್ಣು ಒಣಗುವಾಗ ನೀರು ಹೋಗುತ್ತೆ, ಉಪ್ಪು ಹೋಗಲ್ಲ. ನೀರು ಅರ್ಧಕ್ಕೆ ಇಳಿದರೆ ಉಳಿದ ನೀರು ಎರಡರಷ್ಟು ಉಪ್ಪು. ಬೆಳಗ್ಗೆ ಸಹಿಸುವಂತಿದ್ದದ್ದು ಮಧ್ಯಾಹ್ನಕ್ಕೆ ಹೊಡೆತವಾಗುತ್ತೆ.

ಹೊಲದ ಲೆಕ್ಕ

ನೀರಿನ ಉಪ್ಪನ್ನು ‘ಇಸಿ’ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಒಂದು ಇಸಿ ಏರಿದರೆ ಬೇರಿನ ಮೇಲೆ ಸುಮಾರು 0.36 ಬಾರ್‌ನಷ್ಟು ಹೆಚ್ಚಿನ ಎಳೆತ. ಬೇರಿನ ಸುತ್ತಲ ಮಣ್ಣಿನ ಇಸಿ ಎಷ್ಟರ ತನಕ ಇದ್ದರೆ ಇಳುವರಿಗೆ ತೊಂದರೆ ಇಲ್ಲ, ಅದರ ಮೇಲೆ ಒಂದೊಂದು ಇಸಿಗೆ ನೂರಕ್ಕೆ ಎಷ್ಟು ಇಳುವರಿ ಇಳಿಯುತ್ತೆ ಅನ್ನುವುದಕ್ಕೆ ಜಗತ್ತಿನಾದ್ಯಂತ ಬಳಸುವ ಪಟ್ಟಿ ಇದೆ. ನಮ್ಮ ಬೆಳೆಗಳದ್ದು ಹೀಗಿದೆ:

ಬೀನ್ಸ್: 1.0ರ ತನಕ, ಆಮೇಲೆ ಶೇ. 19
ಕ್ಯಾರೆಟ್: 1.0, ಆಮೇಲೆ ಶೇ. 14
ಈರುಳ್ಳಿ: 1.2, ಆಮೇಲೆ ಶೇ. 16
ಕ್ಯಾಪ್ಸಿಕಂ: 1.5, ಆಮೇಲೆ ಶೇ. 14
ಆಲೂಗಡ್ಡೆ: 1.7, ಆಮೇಲೆ ಶೇ. 12
ಎಲೆಕೋಸು: 1.8, ಆಮೇಲೆ ಶೇ. 9.7
ಟೊಮೆಟೊ: 2.5, ಆಮೇಲೆ ಶೇ. 9.9

ಅಂದರೆ ಟೊಮೆಟೊ ಬೇರಿನ ಹತ್ತಿರ ಇಸಿ 4.5 ಆದರೆ ಸಾವಿರ ಬಾಕ್ಸಿನಲ್ಲಿ ಸುಮಾರು 200 ಬಾಕ್ಸು ಹೋಯಿತು. ಅದೇ ಮಣ್ಣಿನಲ್ಲಿ ಬೀನ್ಸ್ ಸುಮಾರು ಮೂರನೇ ಒಂದು ಪಾಲು ಮಾತ್ರ ಕೈಗೆ ಬರಬಹುದು. ಈ ಅಂಕಿಗಳು ದಾರಿ ತೋರಿಸಲು ಮಾತ್ರ, ಮಣ್ಣು, ಹವೆ, ತಳಿ ನೋಡಿ ಹೆಚ್ಚುಕಡಿಮೆ ಆಗುತ್ತವೆ.

ಮಣ್ಣು ಪರೀಕ್ಷೆ ಮಾಡಿಸಿದಾಗ ಒಂದು ಎಚ್ಚರ. ಮೇಲಿನ ಅಂಕಿಗಳು ಮಣ್ಣನ್ನು ಕೆಸರಿನಂತೆ ನೆನೆಸಿ ಹಿಂಡಿದ ನೀರಿನದು. ನಮ್ಮ ಕಡೆಯ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಆಗ ಇಸಿ ಕಡಿಮೆ ತೋರಿಸುತ್ತೆ. ಯಾವ ಕ್ರಮದಲ್ಲಿ ಅಳೆದಿರಿ ಅಂತ ಕೇಳಿಯೇ ಹೋಲಿಸಿ.

ಈಗ ಗೊಬ್ಬರದ ಲೆಕ್ಕ. ಲೀಟರ್ ನೀರಿಗೆ ಒಂದು ಗ್ರಾಂ 13-0-45 ಕರಗಿಸಿದರೆ ಇಸಿ ಸುಮಾರು 1.3 ಏರುತ್ತೆ, ಕ್ಯಾಲ್ಸಿಯಂ ನೈಟ್ರೇಟಾದರೆ 1.2ರ ಆಸುಪಾಸು. ಮೂರು ಕಿಲೋ 13-0-45 ಅನ್ನು ವೆಂಚುರಿಯಲ್ಲಿ ಅವಸರವಾಗಿ ಸಾವಿರ ಲೀಟರ್ ನೀರಿನ ಜೊತೆ ಬಿಟ್ಟರೆ ಬೇರಿಗೆ ಹೋಗುವ ನೀರಿನ ಇಸಿ 3.9 ಏರಿತು. ಬೋರ್ ನೀರಿನದು ಬೇರೆ. ಅದೇ ಮೂರು ಕಿಲೋ ಆರು ಸಾವಿರ ಲೀಟರ್ ನೀರಿನಲ್ಲಿ ಹೋದರೆ ಏರುವುದು 0.65. ಗೊಬ್ಬರ ಅದೇ, ಖರ್ಚು ಅದೇ. ಕೋಶಕ್ಕೆ ಮಾತ್ರ ಅಜಗಜಾಂತರ.

ಹಾಗಾಗಿ:

1. ಬೋರ್ ನೀರಿನ ಇಸಿ ಒಮ್ಮೆಯಾದರೂ ಅಳೆಸಿ. ಒಂದೊಂದು ಬೋರಿಗೂ ಒಂದೊಂದು ಗುಣ, ಪಕ್ಕದವರದು ನಿಮ್ಮದಲ್ಲ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನಾಲ್ಕೈದು ಜನ ಸೇರಿ ಇಸಿ ಪೆನ್ ಮೀಟರ್ ಕೊಂಡರೂ ಆಯಿತು. 0.7ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 3 ದಾಟಿದರೆ ತರಕಾರಿಗೆ ಕಷ್ಟ.

2. ಗೊಬ್ಬರವನ್ನು ವಾರಕ್ಕೊಮ್ಮೆ ಗಾಢವಾಗಿ ಬಿಡುವ ಬದಲು ಎರಡು ಮೂರು ಕಂತು ಮಾಡಿ ತೆಳುವಾಗಿ ಬಿಡಿ.

3. ಬಾಡಿದ ಗಿಡಕ್ಕೆ, ಸುಡುವ ಮಧ್ಯಾಹ್ನದಲ್ಲಿ ಗೊಬ್ಬರ ಬೇಡ. ಮೊದಲು ಬರೀ ನೀರು.

4. ಡ್ರಿಪ್ಪರಿನ ಹಸಿ ವೃತ್ತದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಒಂದು ದಿನ ಹೆಚ್ಚು ಹೊತ್ತು ಬರೀ ನೀರು ಬಿಟ್ಟು ಉಪ್ಪನ್ನು ಕೆಳಗಿಳಿಸಿ.

5. ಕೃಷಿಹೊಂಡದ ಮಳೆನೀರಲ್ಲಿ ಉಪ್ಪು ಬಹಳ ಕಡಿಮೆ. ಇಸಿ 2 ಇರುವ ಬೋರ್ ನೀರಿಗೆ ಸಮಸಮ ಬೆರೆಸಿದರೆ ಒಂದರ ಆಸುಪಾಸಿಗೆ ಬರುತ್ತೆ.

ಎಲ್ಲಾ ಬಾಡುವಿಕೆಯೂ ಉಪ್ಪಿನದಲ್ಲ

ಮಧ್ಯಾಹ್ನ ಬಾಡಿ ಸಂಜೆ ಸರಿಹೋದರೆ ಬಿಸಿಲಿನ ಕಾರಣ ಇರಬಹುದು. ಪಟ್ಟೆಪಟ್ಟೆಯಾಗಿ ಗಿಡ ಕುಗ್ಗಿ, ಎಲೆಯಂಚು ಸುಟ್ಟಂತಾಗಿದ್ದರೆ ಉಪ್ಪಿನ ಅನುಮಾನ. ಅಲ್ಲೊಂದು ಇಲ್ಲೊಂದು ಗಿಡ ಹಸಿರಾಗಿರುವಾಗಲೇ ಬಾಡಿ, ಸಂಜೆಗೂ ಏಳದಿದ್ದರೆ ದುಂಡಾಣು ಸೊರಗು ರೋಗ ಇರಬಹುದು. ಬುಡದ ಹತ್ತಿರದ ಕಾಂಡ ಎರಡು ಮೂರು ಅಂಗುಲ ಕೊಯ್ದು, ತೊಳೆದು, ಗಾಜಿನ ಲೋಟದ ತಿಳಿನೀರಲ್ಲಿ ಅಲುಗಿಸದೆ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನೆಳೆ ಹಾಗೆ ಇಳಿದರೆ ಅದೇ ರೋಗ. ಇಲ್ಲಿ ಕೋಶ ಬಾಯಾರುವುದು ನೀರಿನ ನಾಳವೇ ಕಟ್ಟಿಕೊಂಡದ್ದರಿಂದ. ನೀರೂ ಗೊಬ್ಬರವೂ ಕೆಲಸಕ್ಕೆ ಬಾರವು. ಆ ಹೊಲಕ್ಕೆ ಮುಂದೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ರಾಗಿ, ಜೋಳ ಹಾಕಿ. ಟೊಮೆಟೊನೇ ಬೇಕಾದರೆ ಹೆಸರಘಟ್ಟದ ಅರ್ಕಾ ರಕ್ಷಕ್‌ನಂಥ ತಡೆಶಕ್ತಿಯ ತಳಿ ನೋಡಿ.

ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ

ಚಿಪ್ ಇಲ್ಲದೆಯೂ ಈ ಪಾಠ ಕಣ್ಣಾರೆ ನೋಡಬಹುದು. ಊರಿನ ಹೈಸ್ಕೂಲಿನ ಮೇಷ್ಟ್ರನ್ನು ಕೇಳಿ, ಮಕ್ಕಳನ್ನೂ ಕರೆದುಕೊಳ್ಳಿ.

ಕೆಂಪು ಈರುಳ್ಳಿಯ ದಪ್ಪ ಪದರದ ಹೊರಮೈಯಿಂದ ಬಣ್ಣದ ತೆಳು ಸಿಪ್ಪೆ ಸುಲಿಯಿರಿ. ಗಾಜಿನ ಮೇಲೆ ಒಂದು ಹನಿ ನೀರಲ್ಲಿ ಹರಡಿ, 100 ಪಟ್ಟು ದೊಡ್ಡದು ಮಾಡಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಒಳಗೆ ತುಂಬಾ ಕೆನ್ನೀಲಿ ಬಣ್ಣ. 100 ಮಿಲಿ ನೀರಿಗೆ ಅರ್ಧ ಚಮಚ, ಅಂದರೆ ಸುಮಾರು 3 ಗ್ರಾಂ ಉಪ್ಪು ಕರಗಿಸಿ. ಒಂದು ಕಡೆಯಿಂದ ಈ ನೀರಿನ ಹನಿ ಬಿಟ್ಟು, ಇನ್ನೊಂದು ಕಡೆ ಮಸಿಹೀರುವ ಕಾಗದ ಇಟ್ಟು ಹಳೆ ನೀರು ಎಳೆಯಿರಿ. ಐದು ಹತ್ತು ನಿಮಿಷದಲ್ಲಿ ಬಣ್ಣದ ಟ್ಯೂಬು ಗೋಡೆ ಬಿಟ್ಟು ಮುದುಡುತ್ತೆ. ಈಗ ಅದೇ ರೀತಿ ಬರೀ ನೀರು ಬಿಡಿ. ಬದುಕಿದ ಕೋಶ ಮತ್ತೆ ತುಂಬಿಕೊಳ್ಳುತ್ತೆ. ಒಂದೇ ಸಿಪ್ಪೆಯಲ್ಲಿ ಎಲ್ಲವೂ ಒಂದೇ ಸಮ ಮುದುಡುವುದಿಲ್ಲ, ಅದನ್ನೂ ಗಮನಿಸಿ.

ಇದಕ್ಕೂ ಮಿತಿ ಇದೆ

ಚಿಪ್ಪಿನಲ್ಲಿ ಕೂತ ಕೋಶಕ್ಕೆ ಗೋಡೆ ಇಲ್ಲ, ಬೇರಿಲ್ಲ, ಬಿಸಿಲಿಲ್ಲ. ಇಡೀ ಗಿಡ ನಾಲ್ಕಾರು ದಿನದಲ್ಲಿ ತನ್ನ ಕೋಶದೊಳಗೆ ಸಕ್ಕರೆ, ಲವಣ ಹೆಚ್ಚಿಸಿಕೊಂಡು ಉಪ್ಪಿಗೆ ಒಗ್ಗಿಕೊಳ್ಳಲು ನೋಡುತ್ತೆ. ಅದಕ್ಕೆ ಖರ್ಚಾಗುವುದು ಕಾಯಿಗೆ ಹೋಗಬೇಕಾದ ಆಹಾರ. ಚಿಪ್ಪಿನಲ್ಲಿ ಸಿಕ್ಕ ಉತ್ತರ ಕುಂಡಕ್ಕೆ ಬಂದು, ಹೊಲಕ್ಕೆ ಬಂದು, ಎರಡು ಮೂರು ಹಂಗಾಮು ನಿಂತರೆ ಮಾತ್ರ ರೈತನ ಮಾತಾಗುತ್ತೆ. ಯಾರಾದರೂ ‘ಸೆಲ್ ಟೆಕ್ನಾಲಜಿ ಔಷಧಿ’ ಅಂತ ಬಾಟಲಿ ಹಿಡಿದು ಬಂದರೆ, ಯಾವ ಹೊಲದಲ್ಲಿ, ಯಾವ ನೀರಲ್ಲಿ, ಎಷ್ಟು ಹಂಗಾಮು ನೋಡಿದ್ದೀರಿ ಅಂತ ಮೊದಲು ಕೇಳಿ.

ವಿಜ್ಞಾನಿಗಳಿಗೆ ನಾವು ಹೇಳಬೇಕಾದದ್ದೂ ಒಂದಿದೆ. ಉಪ್ಪು ತಡೆಯುವ ಟೊಮೆಟೊ ಕೋಶ ಹುಡುಕುವಾಗ ಪ್ರಯೋಗಾಲಯದ ಶುದ್ಧ ಉಪ್ಪುನೀರಿನ ಜೊತೆ ನಮ್ಮ ಮುಳಬಾಗಿಲು, ಮಾಲೂರಿನ ಬೋರ್ ನೀರನ್ನೂ ಆ ಕಾಲುವೆಯಲ್ಲಿ ಹಾಯಿಸಿ ನೋಡಲಿ. ಅವರಿಗೆ ಬೇಕಾಗುವುದು ಒಂದು ಹನಿ. ಅಷ್ಟು ನೀರು ನಮ್ಮ ಬೋರುಗಳಲ್ಲಿ ಇನ್ನೂ ಇದೆ.